ಫ್ಯಾಕ್ಟರಿ ಮುಚ್ಚುತ್ತಿದೆಯಾ? ಮೊದಲು ಪೆನ್ನು ಕೆಳಗಿಡಿ

‘ಹೊರಗಿನ ಬಟ್ಟೆ ಅಗ್ಗಕ್ಕೆ ಬರ್ತಿದೆ, ನಮಗೆ ಆರ್ಡರ್ ಇಲ್ಲ. ಎಲ್ಲರೂ ಒಂದು ರಾಜೀನಾಮೆ ಬರೆದುಕೊಡಿ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ.’

ಹಾಸನದಲ್ಲಿ ನಮ್ಮ ಬೀದಿಯ ಒಬ್ಬರು ಗಾರ್ಮೆಂಟ್ಸ್ ಫ್ಯಾಕ್ಟರಿಯವರ ಈ ಮಾತು ನಂಬಿದರು. ಎಂಟು ವರ್ಷ ಹೊಲಿಗೆ ಲೈನ್‌ನಲ್ಲಿ ಕೂತವರು. ಸಂಜೆ ಬಸ್ಸಿಗೆ ತಡವಾಗುತ್ತದೆ ಅಂತ ಓದದೆಯೇ ಸಹಿ ಹಾಕಿದ್ದರು. ಗ್ರಾಚ್ಯುಟಿ (ದುಡಿದ ವರ್ಷಗಳ ಲೆಕ್ಕದಲ್ಲಿ ಕೊನೆಗೆ ಕೊಡುವ ಹಣ) ಬಂತು, ಪಿಎಫ್ (ಭವಿಷ್ಯ ನಿಧಿ) ಉಳಿಯಿತು. ಬೇರೆ ಏನು ಕೇಳಲು ಹೋದರೂ ಆ ರಾಜೀನಾಮೆ ಹಾಳೆ ಎದುರಿಗೆ ಬರುತ್ತಿತ್ತು.

ಆಮದಿನಿಂದ ಕೆಲಸ ಹೋದವರಿಗೆಂದೇ ಅಮೆರಿಕದಲ್ಲಿ 1962ರಲ್ಲಿ ಒಂದು ಯೋಜನೆ ತಂದರು. ಮೂವರು ಕಾರ್ಮಿಕರು ಸೇರಿ ಅರ್ಜಿ ಕೊಟ್ಟರೂ ಸರ್ಕಾರ ವಿಚಾರಣೆ ಮಾಡುತ್ತಿತ್ತು. ಆಮದೇ ಕಾರಣ ಅಂತ ಖಚಿತವಾದರೆ ಹೊಸ ಕೆಲಸಕ್ಕೆ ತರಬೇತಿ, ವಾರದ ಭತ್ಯೆ ಸಿಗುತ್ತಿತ್ತು. ಅಲ್ಲೂ 2022ರ ಜುಲೈ 1ರಿಂದ ಹೊಸ ಅರ್ಜಿಗಳ ವಿಚಾರಣೆ ನಿಂತಿದೆ. ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ. ಆಮದಿನಿಂದ ಕೆಲಸ ಹೋಯಿತಾ ಅಂತ ಇಲ್ಲಿ ಯಾವ ಕಚೇರಿಯೂ ಕೇಳುವುದಿಲ್ಲ. ಅವರೇ ತೆಗೆದರಾ, ನೀವೇ ಬಿಟ್ಟಿರಾ? ಕೇಳುವುದು ಇಷ್ಟೇ. ಅದಕ್ಕೇ ಪೆನ್ನಿನ ಮಾತು ಮೊದಲು.

ಹಾಗಾಗಿ ಮೊದಲ ಹೆಜ್ಜೆ: ರಾಜೀನಾಮೆ ಬರೆಯಬೇಡಿ. ಕೆಲಸದಿಂದ ತೆಗೆಯುತ್ತಿದ್ದೇವೆ ಅಥವಾ ಕಾರ್ಖಾನೆ ಮುಚ್ಚುತ್ತಿದ್ದೇವೆ ಅಂತ ಅವರೇ ಬರೆದುಕೊಡಲಿ. ಗೇಟಿಗೆ ಬೀಗ ಬೀಳುವ ಮುಂಚೆ ಸಂಬಳದ ಚೀಟಿ, ನೇಮಕಾತಿ ಪತ್ರ, ಗುರುತಿನ ಚೀಟಿ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಇಎಸ್‌ಐ (ಕಾರ್ಮಿಕರ ವಿಮೆ) ನಂಬರ್, ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ. ಬೀಗ ಬಿದ್ದ ಮೇಲೆ ಎಚ್‌ಆರ್‌ನವರು ಫೋನ್ ಎತ್ತುವುದು ಅಪರೂಪ.

ಎರಡನೆಯದು ಪರಿಹಾರ. ವರ್ಷಕ್ಕೆ 240 ದಿನ ದುಡಿದಿದ್ದರೆ ಅದು ಪೂರ್ತಿ ವರ್ಷದ ಲೆಕ್ಕ. ಅಂಥ ಒಂದೊಂದು ವರ್ಷಕ್ಕೂ 15 ದಿನದ ಸರಾಸರಿ ಸಂಬಳ ಕೊಡಬೇಕು. ಎಂಟು ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ತಿಂಗಳ ಸಂಬಳ ಆಯಿತು. ಜೊತೆಗೆ ಒಂದು ತಿಂಗಳ ನೋಟಿಸ್, ಇಲ್ಲವೇ ಆ ತಿಂಗಳ ಸಂಬಳ.

ಇಲ್ಲೊಂದು ಹಳೇ ವಾದ ಬರುತ್ತದೆ: ‘ನಮ್ಮ ಕೈಮೀರಿ ಮುಚ್ಚಬೇಕಾಯಿತು, ಏನು ಮಾಡೋದು?’ ಮಾಲೀಕರ ಕೈಮೀರಿದ ಕಾರಣಕ್ಕೆ ಮುಚ್ಚಿದ್ದಾದರೆ ಪರಿಹಾರ ಮೂರು ತಿಂಗಳ ಸಂಬಳ ದಾಟುವುದಿಲ್ಲ ಅಂತ ಕಾನೂನಿನಲ್ಲಿ ಇರುವುದು ನಿಜ. ಆದರೆ ಬರೀ ನಷ್ಟವಾಗಿದ್ದು, ಮಾಲು ಮಾರಾಟವಾಗದೆ ಗೋಡೌನಿನಲ್ಲಿ ಉಳಿದಿದ್ದು ಕೈಮೀರಿದ ಕಾರಣ ಅಲ್ಲ ಅಂತ ಅದೇ ಕಾನೂನು ಬಿಡಿಸಿ ಹೇಳುತ್ತದೆ. ಹೊರಗಿನ ಮಾಲು ಬಂದಾಗ ಆಗುವುದು ಇವೆರಡೇ ಅಲ್ವಾ? ಈ ಸಾಲು ಸೂಪರ್‌ವೈಸರ್‌ಗಳಿಗೂ ಗೊತ್ತಿರುವುದಿಲ್ಲ. ನೀವು ತಿಳಿದುಕೊಂಡಿರಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆದವರಿಗೆ ಹೊಸ ಕೌಶಲ ಕಲಿಯಲು ಅಂತ ಇನ್ನೂ 15 ದಿನದ ಸಂಬಳ 45 ದಿನದೊಳಗೆ ಖಾತೆಗೆ ಬರಬೇಕು ಎನ್ನುತ್ತವೆ ಅವು. 300 ಜನ ಇರುವ ದೊಡ್ಡ ಕಾರ್ಖಾನೆಯಾದರೆ ಮುಚ್ಚುವ ಮೊದಲೇ ಸರ್ಕಾರದ ಒಪ್ಪಿಗೆ ಬೇಕು. ಇದ್ಯಾವುದೂ ನಡೆದಿಲ್ಲ ಅನ್ನಿಸಿದರೆ ಜಿಲ್ಲಾ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿ. ಒಬ್ಬರೇ ಹೋಗುವುದಕ್ಕಿಂತ ಲೈನಿನ ಹತ್ತು ಜನ ಒಟ್ಟಿಗೆ ಹೋಗಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ.

ಗ್ರಾಚ್ಯುಟಿ ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ. 13,000 ಇದ್ದರೆ ವರ್ಷಕ್ಕೆ 7,500, ಎಂಟು ವರ್ಷಕ್ಕೆ 60,000. ಐದು ವರ್ಷ ತುಂಬಿದವರಿಗೆ ನೀವೇ ಬಿಟ್ಟರೂ ಇದು ಸಿಗುತ್ತದೆ. ಆದ್ದರಿಂದ ಇದೊಂದನ್ನೇ ತೋರಿಸಿ ‘ಎಲ್ಲ ಕೊಟ್ಟಾಯಿತು’ ಅಂದರೆ ಒಪ್ಪಬೇಡಿ.

ಇಎಸ್‌ಐ ಅಂದರೆ ಆಸ್ಪತ್ರೆ ಚೀಟಿ ಅಂತಲೇ ಎಲ್ಲರ ನಂಬಿಕೆ. ಅದರಲ್ಲಿ ನಿರುದ್ಯೋಗ ಭತ್ಯೆಯೂ ಇದೆ. ಕಾರ್ಖಾನೆ ಮುಚ್ಚಿ ಅಥವಾ ಕೆಲಸದಿಂದ ತೆಗೆದು ಹೊರಬಿದ್ದವರಿಗೆ 2005ರಲ್ಲಿ ಶುರುವಾದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಇದೆ. ಮೊದಲ 12 ತಿಂಗಳು ದಿನಗೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಭತ್ಯೆ ಸಿಗುವಷ್ಟು ದಿನ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಶಾಖಾ ಕಚೇರಿಯಲ್ಲಿ ಮೊದಲು ಇದನ್ನೇ ಕೇಳಿ. 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಚಿಕ್ಕದು. ಜೀವಮಾನದಲ್ಲಿ ಒಮ್ಮೆ, 90 ದಿನದವರೆಗೆ ಅರ್ಧ ಕೂಲಿ. ಅದನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ನೀವು ಹೋದ ದಿನ ಅದು ಚಾಲ್ತಿಯಲ್ಲಿದೆಯಾ ಅಂತ ಕೇಳಿಕೊಳ್ಳಿ.

ಕೊನೆಗೆ ಪಿಎಫ್. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಿದ್ದು ಇದಕ್ಕೇ. ಮಾಲೀಕರ ಪಾಲನ್ನು 58 ವರ್ಷದವರೆಗೆ ಮುಟ್ಟಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ ವಾಪಸ್ ತೆಗೆದುಕೊಳ್ಳಬೇಕಾಯಿತು. ಹಣ ತೆಗೆಯಲು ಕಂಪನಿಯವರು ನಿಮ್ಮ ಕೊನೆಯ ದಿನವನ್ನು ಪೋರ್ಟಲ್‌ನಲ್ಲಿ ನಮೂದಿಸಿರಬೇಕು. ಅವರು ಹಾಕದಿದ್ದರೆ ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು.

ಪಿಎಫ್ ತೆಗೆದರೂ ಪಿಂಚಣಿ ಹಣವನ್ನು ಅವಸರದಲ್ಲಿ ತೆಗೆಯಬೇಡಿ. ಒಟ್ಟು 10 ವರ್ಷದ ಸೇವೆ ತುಂಬಿದರೆ 58ರಿಂದ ಪಿಂಚಣಿ ಬರುತ್ತದೆ. ಅಷ್ಟು ತುಂಬದವರು ಸ್ಕೀಮ್ ಸರ್ಟಿಫಿಕೇಟ್ (ದುಡಿದ ವರ್ಷಗಳ ದಾಖಲೆ ಪತ್ರ) ಪಡೆದರೆ ಹಳೆಯ ವರ್ಷಗಳು ಹೊಸ ಕೆಲಸಕ್ಕೆ ಸೇರುತ್ತವೆ. ನಮ್ಮ ಬೀದಿಯವರು ಇದೊಂದನ್ನು ಸರಿಯಾಗಿ ಮಾಡಿದರು. ಈಗ ಇನ್ನೊಂದು ಕಡೆ ಹೊಲಿಯುತ್ತಿದ್ದಾರೆ. ಅವರಿಗಿನ್ನು ಎರಡು ವರ್ಷ ಬಾಕಿ.