ಮಡಿಕೇರಿಯಿಂದ ಬಂದ ರಕ್ತದಲ್ಲಿ ನಾನು ಹುಡುಕಿದ್ದು

ನಾನು ಸೋಮವಾರಪೇಟೆ ಕಡೆಯವಳು. ವೈರಾಣು ವಿಜ್ಞಾನ ಓದಿ ಬೆಂಗಳೂರಿನ ಲ್ಯಾಬೊಂದರಲ್ಲಿ ಎಚ್‌ಐವಿ ಮೇಲೆ ಕೆಲಸ ಮಾಡುತ್ತಾ ಬಂದಿದ್ದೇನೆ. ಸೋಂಕು ಒಂದೇ ಆದರೂ ಔಷಧಿ ಇಲ್ಲದಿದ್ದರೆ ಕೆಲವರು ಬೇಗ ಕುಸಿಯುತ್ತಾರೆ, ಕೆಲವರು ವರ್ಷಗಟ್ಟಲೆ ಗಟ್ಟಿಯಾಗಿರುತ್ತಾರೆ. ಯಾಕೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎಚ್‌ಐವಿ ಸೇರಿಕೊಳ್ಳುವುದು ಸಿಡಿ4 ಎಂಬ ಬಿಳಿ ರಕ್ತಕೋಶಗಳೊಳಗೆ. ಸೋಂಕಿದ ಕೋಶವನ್ನು ಗುರುತಿಸಿ ಕೊಲ್ಲುವುದು ಸಿಡಿ8 ಎಂಬ ಇನ್ನೊಂದು ಬಗೆಯ ಬಿಳಿ ಕೋಶಗಳು. ಅವು ಹೇಗೆ ಕೆಲಸ ಮಾಡುತ್ತವೆ ಅಂತ ನೋಡಬೇಕಾದರೆ ಜೀವಂತ ಕೋಶವೇ ಬೇಕು. ಕೊಡಗಿನಲ್ಲಿ ಕಷ್ಟ ಶುರುವಾಗುವುದೇ ಅಲ್ಲಿ. ರಕ್ತ ತೆಗೆದ ಎಂಟು ಗಂಟೆಯೊಳಗೆ ಬಿಳಿ ಕೋಶಗಳನ್ನು ಬೇರ್ಪಡಿಸಿಬಿಡಬೇಕು. ಜಿಲ್ಲೆಗೆ ರೈಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ ರಸ್ತೆಯೂ ಇಲ್ಲ. ಅದಕ್ಕೇ ಬೆಂಗಳೂರಿನವರೆಗೆ ರಕ್ತ ಒಯ್ಯುವುದನ್ನು ಬಿಟ್ಟು, ಮೈಸೂರಿನಲ್ಲೇ ಕೋಶ ಬೇರ್ಪಡಿಸುವ ವ್ಯವಸ್ಥೆ ಮಾಡಿಕೊಂಡೆವು. ಬೇರ್ಪಡಿಸಿದ ಕೋಶಗಳನ್ನು ಮೊದಲು ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ತಣಿಸುವುದು, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ. ಅಲ್ಲಿಂದ ಮುಂದೆ ಅವಸರವಿಲ್ಲ.

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು. ರಕ್ತ ಅಂದ ಕೂಡಲೇ ಐಸ್ ಬಾಕ್ಸ್ ಹುಡುಕಬೇಡಿ. ಜೀವಂತ ಕೋಶ ಬೇಕಿದ್ದರೆ ಟ್ಯೂಬನ್ನು ಕೋಣೆಯ ಉಷ್ಣತೆಯಲ್ಲೇ ಸಾಗಿಸಬೇಕು. ತಣ್ಣಗಾದರೆ ಬೇಡದ ಕೋಶಗಳೂ ನಮಗೆ ಬೇಕಾದ ಪದರಕ್ಕೆ ಬಂದು ಸೇರುತ್ತವೆ. ಜುಲೈನ ಮಡಿಕೇರಿಯಲ್ಲಿ ಹೊರಗಿನ ಚಳಿಯೇ ಸಾಕು ಕೆಡಿಸಲು. ನಾವು ಥರ್ಮೋಕೋಲ್ ಪೆಟ್ಟಿಗೆ ಒಯ್ಯುತ್ತಿದ್ದುದು ಚಳಿ ತಾಗದಿರಲಿ ಅಂತ.

ರಕ್ತ ಕೊಟ್ಟವರಲ್ಲಿ ತೋಟದ ಲೈನ್ ಮನೆಗಳ ಕೆಲಸಗಾರರೂ ಇದ್ದರು. ಒಬ್ಬ ಅಕ್ಕ ಕೇಳಿದರು, "ಮೇಡಂ, ನನ್ನ ಹೆಸರು ಬೆಂಗಳೂರಿಗೆ ಹೋಗುತ್ತಾ?" ಇಲ್ಲ ಅಕ್ಕ, ಟ್ಯೂಬಿನ ಮೇಲೆ ನಂಬರ್ ಮಾತ್ರ ಇರುತ್ತೆ ಎಂದು ತೋರಿಸಿದೆ. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಹಾಗಾದ್ರೆ ತಗೊಳ್ಳಿ" ಅಂದರು. ಒಂದೇ ಬಸ್ಸಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವ ಜಿಲ್ಲೆ ಇದು. ಗುರುತು ಸಿಗಬಾರದು ಅಂತಲೇ ಮಾತ್ರೆಗೆ ಮೈಸೂರಿಗೆ ಹೋಗುವವರಿದ್ದಾರೆ. ಗುಟ್ಟು ಕಾಯುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಮ್ಮ ಹೊಣೆ. ಕಾಯ್ದೆ ಇಲ್ಲದಿದ್ದರೂ ಅದು ನಮ್ಮ ಹೊಣೆಯೇ.

ಲ್ಯಾಬಿನಲ್ಲಿ ಮಾಡುತ್ತಿದ್ದುದು ಎಲಿಸ್ಪಾಟ್ ಪರೀಕ್ಷೆ. ಕೋಶಗಳ ಜೊತೆ ವೈರಸ್ ಪ್ರೋಟೀನಿನ ಸಣ್ಣ ತುಂಡುಗಳನ್ನು ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತೇವೆ. ತುಂಡನ್ನು ಗುರುತಿಸಿದ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನ್ ಬಿಡುತ್ತದೆ. ಕೊನೆಗೆ ಬಣ್ಣ ಹಾಕಿದಾಗ ಅಲ್ಲೊಂದು ಚುಕ್ಕೆ ಮೂಡುತ್ತದೆ. ಒಂದು ಚುಕ್ಕೆ ಅಂದರೆ ಒಂದು ಕೋಶ.

ಚುಕ್ಕೆ ಜಾಸ್ತಿ ಇದ್ದವರಲ್ಲಿ ವೈರಸ್ ಕಡಿಮೆ ಇರಬೇಕು ಅನ್ನಿಸುತ್ತೆ ಅಲ್ವಾ? ಹಾಗಿಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಅಲ್ಲಿಯೂ ನಮ್ಮಲ್ಲಿಯಂತೆ ಸಿ ಉಪಪ್ರಕಾರದ ವೈರಸ್ಸೇ ಜಾಸ್ತಿ. ವೈರಸ್ಸಿನ ಗ್ಯಾಗ್ ಎಂಬ ಒಳಗಿನ ಪ್ರೋಟೀನನ್ನು ಸಿಡಿ8 ಕೋಶಗಳು ಗುರಿ ಮಾಡಿದವರಲ್ಲಿ ವೈರಸ್ ಕಡಿಮೆ. ಹೊರಕವಚದ ಪ್ರೋಟೀನನ್ನು ಗುರಿ ಮಾಡಿದವರಲ್ಲಿ ಹಾಗೆ ಕಾಣಲಿಲ್ಲ. ಕಾಫಿ ಗಿಡಕ್ಕೆ ಕಪಾತು ಮಾಡಿದಷ್ಟೂ ಚಿಗುರುವಂತೆ, ಕವಚಕ್ಕೆ ಎಷ್ಟು ಹೊಡೆದರೂ ವೈರಸ್ ರೂಪ ಬದಲಿಸಿ ಮತ್ತೆ ಬರುತ್ತದೆ. ಗ್ಯಾಗ್‌ನಲ್ಲಿ ಬದಲಾದರೆ ಅದರ ಕಟ್ಟಡವೇ ಸಡಿಲ. ನಮ್ಮ ಸ್ಯಾಂಪಲ್‌ಗಳು ಕಡಿಮೆ, ಆದರೂ ಅದೇ ದಿಕ್ಕನ್ನು ತೋರಿಸಿದವು.

2017ರಿಂದ ಪತ್ತೆಯಾದ ಎಲ್ಲರಿಗೂ ಸಿಡಿ4 ಎಣಿಕೆ ನೋಡದೆ ತಕ್ಷಣ ಚಿಕಿತ್ಸೆ ಕೊಡುತ್ತಾರೆ. ಚಿಕಿತ್ಸೆ ಇಲ್ಲದವರ ಸ್ಯಾಂಪಲ್ ಹಾಗಾಗಿ ನಿಂತೇ ಹೋಯಿತು. ನನ್ನ ಹಳೆಯ ಅಧ್ಯಯನವೂ ಮುಗಿಯಿತು. ಅದು ಮುಗಿಯಲೇಬೇಕಿತ್ತು, ನನಗೆ ಸಂತೋಷವೇ ಆಯಿತು.

ಈಗ ಪ್ರಶ್ನೆ ಬೇರೆ. ಮಾತ್ರೆ ವೈರಸ್ಸನ್ನು ತಡೆದರೂ ನಿದ್ದೆಯಲ್ಲಿರುವ ಸಿಡಿ4 ಕೋಶಗಳಲ್ಲಿ ಅದು ಅಡಗಿರುತ್ತದೆ. ಆ ದಾಸ್ತಾನು ಅರ್ಧಕ್ಕಿಳಿಯಲು ಸುಮಾರು 44 ತಿಂಗಳು ಬೇಕು. ಹಾಗಾಗಿ ಮಾತ್ರೆ ನಿಲ್ಲಿಸುವಂತಿಲ್ಲ. ಅಡಗಿದ ವೈರಸ್ಸನ್ನು ಔಷಧಿಯಿಂದ ಎಬ್ಬಿಸಬಹುದು, ಆದರೆ ಎದ್ದ ಕೋಶವನ್ನು ಕೊಲ್ಲಲು ಸಿಡಿ8 ತಯಾರಿರಬೇಕಲ್ಲ? ವರ್ಷಗಟ್ಟಲೆ ವೈರಸ್ ಕಾಣದೆ ಅವುಗಳ ಸಂಖ್ಯೆ ಇಳಿದಿರುತ್ತದೆ. ಗ್ಯಾಗ್ ತುಂಡುಗಳನ್ನು ಮೊದಲೇ ತೋರಿಸಿ ಅವನ್ನು ಬೆಳೆಸಿದರೆ ಏನಾಗುತ್ತದೆ ಅಂತ ಈಗ ನೋಡುತ್ತಿದ್ದೇನೆ. ಮಾತ್ರೆ ತೆಗೆದುಕೊಳ್ಳುತ್ತಿರುವ ಮಡಿಕೇರಿಯ ಹಲವರು ಇದಕ್ಕೂ ರಕ್ತ ಕೊಡುತ್ತಿದ್ದಾರೆ.