ಹಳೆಯ ಹಿತ್ತಾಳೆ ಲೆನ್ಸಿಗೆ ಫಿಲ್ಟರ್ ಕೂರಿಸುವ ಬಗೆ

ಕರಿಘಟ್ಟದ ಮೇಲೆ ನಿಂತು ಶ್ರೀರಂಗಪಟ್ಟಣದ ಕಡೆಯ ಗದ್ದೆ ತೋಟಗಳನ್ನು ಕಪ್ಪು ಬಿಳುಪು ಫಿಲ್ಮಿನಲ್ಲಿ ತೆಗೆದವರಿಗೆ ಈ ಅನುಭವ ಆಗಿಯೇ ಇರುತ್ತದೆ: ಕಣ್ಣಿಗೆ ತುಂಬಿ ಕಂಡ ಮೋಡಗಳು ಪ್ರಿಂಟಿನಲ್ಲಿ ಇರುವುದಿಲ್ಲ, ಆಕಾಶವೆಲ್ಲ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿರುತ್ತದೆ. ಫಿಲ್ಮು ನೀಲಿ ಬೆಳಕನ್ನು ನಮ್ಮ ಕಣ್ಣಿಗಿಂತ ಹೆಚ್ಚಾಗಿ ಹಿಡಿಯುವುದೇ ಇದಕ್ಕೆ ಕಾರಣ. ಹಳದಿ ಫಿಲ್ಟರ್ ಆ ನೀಲಿಯನ್ನು ತಡೆದರೆ ಮೋಡಗಳು ಮರಳಿ ಬರುತ್ತವೆ. ಇಂದಿನ ಲೆನ್ಸಾದರೆ ಅಳತೆ ಹೇಳಿ ಫಿಲ್ಟರ್ ತಂದು ತಿರುಗಿಸಿದರೆ ಕೆಲಸ ಮುಗಿಯಿತು. ಆದರೆ ಹಳೆಯ ಸ್ಟುಡಿಯೊಗಳಿಂದ ನಮ್ಮ ಕೈಗೆ ಬಂದಿರುವ ಡಾಲ್‌ಮೇಯರ್, ರಾಸ್ ಮುಂತಾದ ಹಿತ್ತಾಳೆ ಕೊಳವೆಯ ಲೆನ್ಸುಗಳಲ್ಲಿ ಒಂದೊಂದಕ್ಕೂ ಒಂದೊಂದು ಅಳತೆಯಿದ್ದು, ಇಂಗ್ಲೆಂಡಿನವು ಅಂಗುಲದ ಲೆಕ್ಕದಲ್ಲಿ ತಯಾರಾದವು. ಎಷ್ಟೋ ಲೆನ್ಸುಗಳ ಮುಂಭಾಗದಲ್ಲಿ ಫಿಲ್ಟರಿಗೆಂದು ಥ್ರೆಡ್ಡೇ, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೆರೆಯೇ, ಇರುವುದಿಲ್ಲ.

ಯಾವ ಕಾರಣಕ್ಕೂ ಲೆನ್ಸಿನ ಮೈಗೆ ಅರವನ್ನಾಗಲಿ ಹೊಸ ಥ್ರೆಡ್ ಕೊಯ್ಯುವ ಉಳಿಯನ್ನಾಗಲಿ ತಾಗಿಸಬಾರದು. ಲೆನ್ಸಿಗೂ ಫಿಲ್ಟರಿಗೂ ನಡುವೆ ಕೂರುವ ರಿಂಗ್ ಕೆಟ್ಟರೆ ಇನ್ನೊಂದನ್ನು ಮಾಡಿಸಬಹುದು, ಲೆನ್ಸನ್ನು ಮಾಡಿಸಲಾಗುವುದಿಲ್ಲ. ಇದನ್ನು ನಾನು ಕಲಿತದ್ದು ತಾತನ ಲೆನ್ಸನ್ನು ಕೆಡಿಸಿಕೊಂಡು. ಅದರ ಮುಂಭಾಗದ ಥ್ರೆಡ್ ಅಳತೆಗೆ ಸುಮಾರು 62 ಮಿ.ಮೀ. ಬಂದದ್ದರಿಂದ 62ರ ಸ್ಟೀಲ್ ರಿಂಗೊಂದನ್ನು ತಿರುಗಿಸಿದೆ. ಒಂದೂವರೆ ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತು. ಇನ್ನೊಂದು ಚೂರು ಹೋಗಲಿ ಎಂದು ಒತ್ತಿದೆ. ಬಿಚ್ಚಿ ನೋಡಿದಾಗ ರಿಂಗಿನ ಅಂಚಿಗೆ ಕೂದಲಿನಷ್ಟು ತೆಳ್ಳಗಿನ ಹೊಂಬಣ್ಣದ ಎಳೆಯೊಂದು ಸುತ್ತಿಕೊಂಡಿತ್ತು. ಅದು ಲೆನ್ಸಿನ ಥ್ರೆಡ್. ವ್ಯಾಸ ಹೊಂದಿದರೂ ಥ್ರೆಡ್ಡಿನ ಎಳೆಗಳ ನಡುವಿನ ಅಂತರ ಹೊಂದದಿದ್ದರೆ ಹೀಗೆಯೇ ಆಗುತ್ತದೆ. ಹಾಗಾಗಿ ಹೊಸ ರಿಂಗನ್ನು ಎರಡೇ ಬೆರಳಿನಿಂದ ತಿರುಗಿಸಬೇಕು. ಬಿಗಿ ಎನಿಸಿದ ಕೂಡಲೇ ನಿಲ್ಲಿಸಿ ಹಿಂದಕ್ಕೆ ತೆಗೆಯಬೇಕು.

ಥ್ರೆಡ್ಡಿನ ಗೊಡವೆಗೇ ಹೋಗದೆ, ಲೆನ್ಸಿನ ಹೊರಮೈ ಮೇಲೆ ಮುಚ್ಚಳದಂತೆ ಕೂರುವ ಬಳೆಯನ್ನು ಮಾಡಿಸುವುದು ಎಲ್ಲಕ್ಕಿಂತ ಕ್ಷೇಮ. ವರ್ನಿಯರ್ ಕ್ಯಾಲಿಪರ್‌ನಿಂದ ಮುಂಭಾಗದ ಹೊರ ವ್ಯಾಸವನ್ನು ಮೂರು ದಿಕ್ಕಿನಲ್ಲಿ ಅಳೆದು ಬರೆದುಕೊಳ್ಳಿ. ಎಂದೋ ಬಿದ್ದು ನೆಗ್ಗಿದ ಲೆನ್ಸಾದರೆ ಮೂರೂ ಅಳತೆ ಬೇರೆ ಬೇರೆ ಬರುತ್ತವೆ. ಆಗ ದೊಡ್ಡ ಅಳತೆಯನ್ನೇ ಹಿಡಿಯಬೇಕು. ಬಳೆಯ ಒಳಗೆ 1 ಮಿ.ಮೀ. ದಪ್ಪದ ಫೆಲ್ಟ್ ಬಟ್ಟೆಯನ್ನು ಅಂಟಿಸುವುದರಿಂದ, ಲೆನ್ಸಿನ ಹೊರ ವ್ಯಾಸ 62.4 ಮಿ.ಮೀ. ಇದ್ದರೆ ಬಳೆಯ ಒಳ ವ್ಯಾಸ 64.4 ಆಗಬೇಕು, ಫೆಲ್ಟ್ ಸ್ವಲ್ಪ ಅದುಮಿಕೊಂಡು ಹಿಡಿಯಲೆಂದು 64.0 ಎಂದೇ ಹೇಳುವುದು ಒಳ್ಳೆಯದು. ಬಳೆ 10ರಿಂದ 12 ಮಿ.ಮೀ.ಯಷ್ಟಾದರೂ ಲೆನ್ಸಿನ ಮೇಲೆ ಕೂರದಿದ್ದರೆ ಫಿಲ್ಟರಿನ ಭಾರಕ್ಕೆ ಮುಂದಕ್ಕೆ ಬಾಗುತ್ತದೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಂತಹ ಕಡೆ ಲೇತ್ ಕೆಲಸದವರು ಅಲ್ಯೂಮಿನಿಯಂ ತುಂಡಿನಿಂದ ಇಂಥ ಬಳೆಯನ್ನು ಮಾಡಿಕೊಡಬಲ್ಲರು. ಆದರೆ ಫಿಲ್ಟರಿನ ಸಣ್ಣ ಥ್ರೆಡ್ಡನ್ನು, ಅಂದರೆ 77 ಮಿ.ಮೀ. ಫಿಲ್ಟರಿನಲ್ಲಿ ಎಳೆಯಿಂದ ಎಳೆಗೆ 0.75 ಮಿ.ಮೀ. ಇರುವ ಥ್ರೆಡ್ಡನ್ನು, ಒಂದೇ ಒಂದು ತುಂಡಿಗಾಗಿ ಕೊಯ್ದುಕೊಡಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿಯೆಂದರೆ, ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ 72ರಿಂದ 77ಕ್ಕೆ ಏರಿಸುವ ಸ್ಟೆಪ್ ಅಪ್ ರಿಂಗನ್ನು ಕೊಂಡು, ಅದರ 72ರ ಬದಿ ಕೂರುವಷ್ಟು ಮೆಟ್ಟಿಲನ್ನು ಬಳೆಯ ಮುಂಭಾಗದಲ್ಲಿ ತೆಗೆಸಿ, ಎರಡು ಟ್ಯೂಬಿನ ಎಪಾಕ್ಸಿ ಅಂಟಿನಿಂದ ಕೂಡಿಸುವುದು. ಲೇತಿಗೆ ಲೆನ್ಸನ್ನೇ ಕೊಂಡೊಯ್ಯಬೇಡಿ. ಅಲ್ಲಿ ಗಾಳಿಯಲ್ಲೇ ಲೋಹದ ಪುಡಿಯಿರುತ್ತದೆ. ಅಳತೆಯ ಚೀಟಿ, ಸ್ಟೆಪ್ ಅಪ್ ರಿಂಗ್ ಮತ್ತು ಫೆಲ್ಟಿನ ಒಂದು ತುಣುಕು ಸಾಕು. ಬಳೆ ಕೈಗೆ ಬಂದ ಮೇಲೆ ಒಳಭಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚುವುದನ್ನು ಮರೆಯಬಾರದು. ಹಳೆಯ ಗಾಜಿಗೆ ಕೋಟಿಂಗ್ ಇರುವುದಿಲ್ಲವಾದ್ದರಿಂದ ಅಂತಹ ಪ್ರತಿಯೊಂದು ಮೇಲ್ಮೈಯಿಂದಲೂ ಸುಮಾರು ಶೇಕಡ 4ರಷ್ಟು ಬೆಳಕು ಮರಳುತ್ತದೆ. ಹೊಳೆಯುವ ಅಲ್ಯೂಮಿನಿಯಂ ಅದಕ್ಕೆ ಸೇರಿದರೆ ಚಿತ್ರ ಪೂರ್ತಿ ಮಬ್ಬಾಗುತ್ತದೆ.

ಬಳೆ ಕೂರಿಸಿದ ಮೇಲೆ ಚಿತ್ರದ ಮೂಲೆಗಳು ಕತ್ತಲಾಗುತ್ತವೆಯೇ ಎಂದು ನೋಡಬೇಕು. ಕ್ಯಾಮೆರಾದ ಹಿಂಬದಿಯಲ್ಲಿ ಚಿತ್ರ ಮೂಡುವ ಮಬ್ಬು ಗಾಜಿನ, ಅಂದರೆ ಗ್ರೌಂಡ್ ಗ್ಲಾಸಿನ, ಮೂಲೆಗಳನ್ನು ಕತ್ತರಿಸಿದ್ದರೆ ಆ ಸಂದಿಯಿಂದ, ಇಲ್ಲವಾದರೆ ಗಾಜನ್ನೇ ತೆಗೆದು, ಮೂಲೆಯಲ್ಲಿ ಕಣ್ಣಿಟ್ಟು ಲೆನ್ಸಿನ ಕಡೆ ನೋಡಿ. ಲೆನ್ಸಿನ ತೂತನ್ನು ಎಫ್ 22ರಷ್ಟು ಕಿರಿದು ಮಾಡಿದಾಗ ಬೆಳಕಿನ ಸಣ್ಣ ತೂತು ಪೂರ್ತಿ ಕಂಡರೆ ಸರಿ. ಒಂದು ಬದಿ ಕಚ್ಚಿದ ಹಾಗೆ ಕಂಡರೆ ಬಳೆಯ ಉದ್ದ ಹೆಚ್ಚಾಗಿದೆ ಅಥವಾ ಫಿಲ್ಟರ್ ಚಿಕ್ಕದಾಗಿದೆ. ಮೈಸೂರಿನ ದೊಡ್ಡ ಗಡಿಯಾರ ಗೋಪುರದಂತಹ ಎತ್ತರದ ಕಟ್ಟಡಕ್ಕೆ ಲೆನ್ಸ್ ಕೂರಿಸಿದ ಹಲಗೆಯನ್ನು, ಅಂದರೆ ಲೆನ್ಸ್ ಬೋರ್ಡನ್ನು, ಮೇಲಕ್ಕೆ ಏರಿಸಿದಾಗಲಂತೂ ಈ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು.

ಬಳೆಯೇ ಬೇಡವೆನ್ನುವವರು ಜೆಲಟಿನ್ ಫಿಲ್ಟರಿನ ತುಂಡನ್ನು ಲೆನ್ಸಿನ ಹಿಂಭಾಗಕ್ಕೆ, ಕ್ಯಾಮೆರಾದ ಮಡಿಕೆ ಚೀಲವಾದ ಬೆಲ್ಲೋಸಿನ ಒಳಗೆ, ಟೇಪಿನಿಂದ ಅಂಟಿಸಬಹುದು. ಇದರ ದಪ್ಪ ಸುಮಾರು 0.1 ಮಿ.ಮೀ. ಮಾತ್ರವಾದ್ದರಿಂದ ಫೋಕಸ್ ಕದಲುವುದಿಲ್ಲವೆಂದೇ ಹೇಳಬಹುದು. ಅದೇ ಜಾಗದಲ್ಲಿ 2 ಮಿ.ಮೀ. ಗಾಜಿನ ಫಿಲ್ಟರಿಟ್ಟರೆ ಫೋಕಸ್ ದಪ್ಪದ ಮೂರನೇ ಒಂದು ಭಾಗದಷ್ಟು, ಅಂದರೆ ಸುಮಾರು 0.7 ಮಿ.ಮೀ., ಹಿಂದಕ್ಕೆ ಸರಿಯುತ್ತದೆ. ಫಿಲ್ಟರನ್ನು ಇಟ್ಟ ನಂತರವೇ ಫೋಕಸ್ ಮಾಡಬೇಕು. ಜೆಲಟಿನ್ನಿಗೆ ತೇವ ಆಗದು, ಬೆರಳಚ್ಚು ಬಿದ್ದರೆ ಒರೆಸಲೂ ಆಗದು. ಮಳೆಗಾಲದಲ್ಲಿ ಅದನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಯಾವ ಬಣ್ಣ ಬೇಕೆಂಬುದನ್ನು ಫಿಲ್ಮು ನೋಡಿ ನಿರ್ಧರಿಸಬೇಕು. ಶೀಟ್ ಫಿಲ್ಮಿನ ಬೆಲೆಗೆ ಹೆದರಿ ಎಕ್ಸ್‌ರೇ ಫಿಲ್ಮ್ ಬಳಸುವವರು ಕೆಂಪು ಫಿಲ್ಟರ್ ಕೊಳ್ಳಬೇಡಿ. ಆ ಫಿಲ್ಮಿಗೆ ಕೆಂಪು ಬೆಳಕು ಕಾಣುವುದೇ ಇಲ್ಲ, ನೆಗೆಟಿವ್ ಖಾಲಿ ಬರುತ್ತದೆ. ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗೆ 8ನೇ ನಂಬರಿನ ಹಳದಿ ಹಾಕಿದರೆ ಎಕ್ಸ್‌ಪೋಶರನ್ನು, ಅಂದರೆ ಫಿಲ್ಮಿಗೆ ಬೆಳಕು ಬೀಳುವ ಸಮಯವನ್ನು, 2 ಪಟ್ಟು, 25ನೇ ನಂಬರಿನ ಕೆಂಪಿಗೆ 8 ಪಟ್ಟು ಹೆಚ್ಚಿಸಬೇಕು. ನೀಲಿ ಆಕಾಶದ ಎದುರು ಲಲಿತ ಮಹಲಿನ ಬಿಳಿ ಗೋಡೆಗೆ ಹಳದಿಯೇ ಸಾಕೆಂಬುದು ನನ್ನ ಅಭಿಪ್ರಾಯ; ಕೆಂಪು ಹಾಕಿದರೆ ಸುತ್ತಲಿನ ಗಿಡಮರಗಳ ಹಸಿರೂ ಕಪ್ಪಿಗೆ ತಿರುಗುತ್ತದೆ.

ಶಟರ್ ಇಲ್ಲದ ಲೆನ್ಸಿಗೆ ಈ ಹೆಚ್ಚಳ ಅನುಕೂಲವೇ ಸರಿ. ಮುಂಜಾನೆ ಮೀಟರ್ ಅರ್ಧ ಸೆಕೆಂಡ್ ತೋರಿಸಿದರೆ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. ಕೆಂಪು ಫಿಲ್ಟರಿನಿಂದ ಅದು 4 ಸೆಕೆಂಡಾದರೆ ನಿಧಾನವಾಗಿ ಎಣಿಸಬಹುದು. ಸಮಯ ಇಷ್ಟು ದೀರ್ಘವಾದಾಗ ಫಿಲ್ಮು ಬೆಳಕು ಹಿಡಿಯುವ ಶಕ್ತಿ ಮಂದವಾಗುವುದರಿಂದ, ಅದರ ಕಂಪನಿ ಕೊಟ್ಟ ಪಟ್ಟಿ ನೋಡಿ ಇನ್ನಷ್ಟು ಸಮಯ ಸೇರಿಸಿಕೊಳ್ಳಿ. ಆದರೆ ಬಳೆ ಬಂದ ಮೇಲೆ ಲೆನ್ಸಿನ ಹಳೆಯ ಮುಚ್ಚಳ ಅದರ ಮೇಲೆ ಕೂರುವುದಿಲ್ಲವೆಂಬುದು ಹಲವರಿಗೆ ಜಾಗಕ್ಕೆ ಹೋದ ಮೇಲೆಯೇ ನೆನಪಾಗುತ್ತದೆ. ಕಪ್ಪು ರಟ್ಟನ್ನು ಫಿಲ್ಟರಿನ ಹೊರ ಅಳತೆಗೆ ಸುತ್ತಿ, ಒಳಗೆ ಅದೇ ಫೆಲ್ಟ್ ಅಂಟಿಸಿ, ಬೆರಳು ತಾಗಿದರೆ ಕ್ಯಾಮೆರಾ ಅಲುಗದೆ ಬಿಟ್ಟುಕೊಳ್ಳುವಷ್ಟು ಸಡಿಲವಾದ ಹೊಸ ಮುಚ್ಚಳವೊಂದನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ.