ಮೈಕಿನ ಮುಂದೆ ಒಂದು ಸಾಲು

2023ರ ಏಪ್ರಿಲ್‌ನಲ್ಲಿ ನಾವು ಎಂಟು ಜನ ಎರಡು ಕಾರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋದೆವು. ಜಾತಿ ತಾರತಮ್ಯ ತಡೆಯಲು ರಾಜ್ಯದ ಸೆನೆಟರ್ ಆಯಿಷಾ ವಹಾಬ್ ತಂದಿದ್ದ ಎಸ್‌ಬಿ 403 ಮಸೂದೆ ಸೆನೆಟ್ ಸಮಿತಿಯ ಮುಂದಿತ್ತು. ನಾನು ಎರಡು ಪುಟ ಭಾಷಣ ಬರೆದುಕೊಂಡಿದ್ದೆ. ಅಲ್ಲಿ ಹೋದರೆ, ಮುಖ್ಯ ಸಾಕ್ಷಿಗಳನ್ನು ಬಿಟ್ಟು ಉಳಿದವರಿಗೆ ಸಿಗುವುದು ಒಂದೇ ಸಾಲು! ಹೆಸರು, ಊರು, ಪರವೋ ವಿರೋಧವೋ. ಅಷ್ಟೇ.

ಆದರೆ ಆ ಹೆಸರು ಹೇಳುವುದೇ ಕಷ್ಟ. ನಮ್ಮವರಲ್ಲಿ ತುಂಬಾ ಜನ ಇಲ್ಲಿ ಜಾತಿ ಮುಚ್ಚಿಟ್ಟುಕೊಂಡೇ ಇರುತ್ತಾರೆ. ಕನ್ನಡದವರ ಹೆಸರಿನ ಕೊನೆಗೆ ಎಷ್ಟೋ ಸಲ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ, ಜಾತಿ ಗೊತ್ತಾಗುವುದಿಲ್ಲ. ಅದಕ್ಕೇ ಪ್ರಶ್ನೆ ಸುತ್ತಿ ಬಳಸಿ ಬರುತ್ತದೆ. ‘ಮನೆದೇವರು ಯಾವುದು?’ ‘ನೀವು ವೆಜ್ಜಾ?’ ಬೆನ್ನು ತಟ್ಟುವ ನೆಪದಲ್ಲಿ ಜನಿವಾರ ಇದೆಯಾ ಅಂತ ತಡವಿ ನೋಡಿದವರೂ ಇದ್ದಾರೆ.

ನಮ್ಮ ಜೊತೆ ಒಬ್ಬ ಅಕ್ಕ ಬಂದಿದ್ದರು. ಒಂದು ಕಾರು ಅವರೇ ಓಡಿಸಿದರು, ಆದರೆ ಸಾಲಿನಲ್ಲಿ ನಿಲ್ಲಲಿಲ್ಲ. ಅವರದು ಎಚ್‌-1ಬಿ, ಕೆಲಸಕ್ಕೆ ಅಂಟಿಕೊಂಡ ವೀಸಾ. ಕೆಲಸ ಹೋದರೆ 60 ದಿನದೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು. ನಾನು ಬಲವಂತ ಮಾಡಲಿಲ್ಲ. ಮಾಡಲೂಬಾರದು. ಮೈಕಿನ ಮುಂದೆ ಧೈರ್ಯ ತೋರಿಸಿ ಅನ್ನುವುದು, ಗ್ರೀನ್ ಕಾರ್ಡ್ ಇರುವ ನನ್ನಂಥವನಿಗೆ ಸುಲಭ ಅಲ್ವಾ?

ಮಸೂದೆ ಎರಡೂ ಸದನದಲ್ಲಿ ಪಾಸಾಯಿತು. ಅಕ್ಟೋಬರ್ 7ಕ್ಕೆ ಗವರ್ನರ್ ನ್ಯೂಸಮ್ ವೀಟೊ ಹಾಕಿದರು. ಈಗಿರುವ ಕಾನೂನೇ ಇಂಥ ತಾರತಮ್ಯವನ್ನು ತಡೆಯುತ್ತದೆ, ಹೊಸದು ಬೇಕಿಲ್ಲ ಅನ್ನುವುದು ಅವರ ಮಾತು. ಎರಡು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಹೊಳೆಯಿತು: ಸರಿ, ಈಗಲೇ ತಡೆಯುತ್ತದೆ ಅಂದರೆ ದೂರು ಕೊಟ್ಟೇ ನೋಡೋಣ. ‘ಆನ್ಸೆಸ್ಟ್ರಿ’, ಅಂದರೆ ಹುಟ್ಟಿದ ಕುಲ, ಅನ್ನುವ ಪದ ಕಾನೂನಿನಲ್ಲಿ ಮೊದಲಿಂದಲೂ ಇದೆ. ಕೆಲಸದ ಜಾಗದ ವಿಷಯವಾದರೆ ಕ್ಯಾಲಿಫೋರ್ನಿಯಾದ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟಿಗೆ 3 ವರ್ಷದೊಳಗೆ ದೂರು ಕೊಡಬಹುದು.

ಅಲ್ಲಿಂದ ಭಾಷಣ ಬಿಟ್ಟೆ. ಈಗ ಯಾರೇ ಫೋನ್ ಮಾಡಿದರೂ ಮೊದಲು ಹೇಳುವುದು ಒಂದೇ: ಅವತ್ತಿನದು ಅವತ್ತೇ ಬರೆದಿಡಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಬೇಡ, ನಿಮ್ಮದೇ ಪುಸ್ತಕದಲ್ಲಿ. ‘ಯಾವಾಗಲೂ ಹೀಗೇ ಮಾಡ್ತಾರೆ’ ಅಂದರೆ ದೂರು ನಿಲ್ಲುವುದಿಲ್ಲ.

ಹೋದ ತಿಂಗಳು ಆ ಅಕ್ಕ ಒಂದು ನೋಟ್‌ಬುಕ್ ತಂದು ತೋರಿಸಿದರು. ಮೊದಲ ಪುಟದಲ್ಲಿ ಒಂದೇ ಸಾಲು. ‘ಮಂಗಳವಾರ. ಎಲ್ಲರನ್ನೂ ಊಟಕ್ಕೆ ಕರೆದರು, ನನ್ನನ್ನು ಬಿಟ್ಟು.’

‘ಯಾರ್ಯಾರಿದ್ದರು ಅಕ್ಕಾ?’ ಅಂದೆ. ಬ್ಯಾಗಿನಿಂದ ಪೆನ್ನು ತೆಗೆದರು.